ಸರ್ ಸಾಹೇಬರ ಕಲ್ಲು

ಹತ್ತಿ ಗಿರಣಿಯ ದೊಡ್ಡ ಸಾಹೇಬರಿಗೆ ವಿಲಾಯಿತಿಯಿಂದ ‘ಸರ್’ ಪದವಿ ಬಂತು. ಬಂದದ್ದೇ ತಡ, ಗಿರಣಿಯ ಬಾಗಿಲಲ್ಲಿದ್ದ ಹನುಮಪ್ಪನ ಕಟ್ಟೆ ಅವರ ಕಣ್ಣಿಗೆ ಬಿತ್ತು. ಕಲ್ಲುಕುಟಿಗ ಮಾನಪ್ಪನನ್ನು ಅಲ್ಲಿಗೇ ಕರೆಸಿದರು.

“ಈ ಕಟ್ಟೆ ಕಿತ್ತುಹಾಕು. ಇಲ್ಲಿ ಆಳೆತ್ತರದ ಕಲ್ಲು ನಿಲ್ಲಿಸು. ನಾನು ಹುಟ್ಟಿದ್ದು, ಗಿರಣಿ ಕಟ್ಟಿದ್ದು, ಪಡೆದ ಬಿರುದು, ಎಲ್ಲ ಕೆತ್ತು.”

ಮಾನಪ್ಪ ಕಟ್ಟೆಯ ಕಡೆ ತಿರುಗಿದ. ‘ಅಪ್ಪಾ ಹನುಮಪ್ಪಾ, ನನ್ನ ಬಾಯಿಗೆ ನೀನೇ ಮಾತು ಕೊಡು’ ಎಂದು ಮನಸ್ಸಿನಲ್ಲೇ ಬೇಡಿಕೊಂಡ. ಸ್ವಾಮಿ ಕೊಟ್ಟ.

“ಆಗ್ಲಿರಿ ಸಾಹೇಬ್ರ. ಕೆಳಗ ಒಂದು ಸಾಲು ಖಾಲಿ ಬಿಡ್ತೀನ್ರಿ.”

“ಯಾಕೆ?”

“ತಾವು ಸ್ವರ್ಗಕ್ಕ ಹೋದ ದಿವಸ ಬರೀಬೇಕಲ್ರಿ. ನಮ್ಮ ಕಡೆ ಹಿಂಗ ದೊಡ್ಡಸ್ತನ ಕೆತ್ತಿ ಕಲ್ಲು ನಿಲ್ಲಿಸೋದು ವೀರರು ತೀರಿಕೊಂಡ ಮ್ಯಾಲೆ. ವೀರಗಲ್ಲು ಅಂತೀವ್ರಿ. ತಮಗ ಅವಸರ ಐತಿ ಅಂದ್ರ ನಾ ಯಾಕ ಬ್ಯಾಡ ಅನ್ಲಿ?”

ಸಾಹೇಬರು ಕಟ್ಟೆಯಿಂದ ಎರಡು ಹೆಜ್ಜೆ ಹಿಂದೆ ಸರಿದರು.

“ಕಲ್ಲಿನ ಮ್ಯಾಲ್ಗಡೆ ಅಪ್ಸರೆಯರು ತಮ್ಮನ್ನ ಎತ್ತಿಕೊಂಡು ಸ್ವರ್ಗಕ್ಕ ಹೊಂಟಿರ್ತಾರ್ರಿ. ಟೋಪಿ ಹಾಕ್ಕೊಂಡ ಹೋಗ್ತೀರೋ, ತೆಗದು ಹೋಗ್ತೀರೋ?”

ಸಾಹೇಬರು ಟೋಪಿ ತೆಗೆದರು. ಥಟ್ಟನೆ ಮತ್ತೆ ಹಾಕಿಕೊಂಡರು.

“ಕಲ್ಲು ಬೇಡ.”

“ಮತ್ತ ಕಟ್ಟೆ?”

“ಅದು ಅಲ್ಲೇ ಇರಲಿ. ಯಾರೂ ಮುಟ್ಟಕೂಡದು.”

ಮಾನಪ್ಪ ಕಟ್ಟೆಗೆ ಹಣೆ ಹಚ್ಚಿ ಕೈಮುಗಿದ.

ಮರುದಿನ ಬೆಳಿಗ್ಗೆ ಬಂಗಲೆಯ ಬಟ್ಲರ್ ಎರಡು ತೆಂಗಿನಕಾಯಿ ಹಿಡಿದುಕೊಂಡು ಬಂದ.

“ಒಂದು ಸಾಹೇಬರ ಹೆಸರಿನಾಗ ಒಡೀಬೇಕಂತ.”

“ಇನ್ನೊಂದು ದೊರೆಸಾನಿಯವರ ಹೆಸರಿನಾಗೇನು?”

“ಇಲ್ಲೋ ಮಾರಾಯ, ಅದೂ ಸಾಹೇಬರ ಹೆಸರಿನಾಗ.”

ಸ್ವಾಮಿ ದೊಡ್ಡವನು. ಎರಡನ್ನೂ ಸ್ವೀಕರಿಸಿದ.