ಡೊಳ್ಳಯ್ಯನ ಮುಟ್ಟಬಾರದ ಹಾಸಿಗೆ

ಕೆರೆಯ ಏರಿ ಮೇಲೊಂದು ಬೂರುಗದ ಮರ. ಮರದ ಪೊಟರೆಯಲ್ಲಿ ತುಂಗಕ್ಕ ಎಂಬ ಅಳಿಲು, ಬುಡದ ಬಿಲದಲ್ಲಿ ಡೊಳ್ಳಯ್ಯ ಎಂಬ ಹೆಗ್ಗಣ. ಡೊಳ್ಳಯ್ಯ ಕೆಟ್ಟವನೇನಲ್ಲ ಮಕ್ಕಳೇ. ಆದರೆ ಕೈಗೆ ಬಂದದ್ದನ್ನು ಬಿಟ್ಟುಕೊಡುವುದೆಂದರೆ ಅವನಿಗೆ ಜೀವ ಹೋದಷ್ಟು ಸಂಕಟ.

ತನ್ನ ಮೂರು ಮರಿಗಳಿಗೆ ಹೆಸರಿಡುವ ದಿನ ಊರಿಗೆಲ್ಲ ಊಟ ಹಾಕಬೇಕೆಂದು ಅವನು ತುಂಗಕ್ಕನಿಂದ ಐದು ಬುಟ್ಟಿ ಕಡಲೆಕಾಯಿ ಸಾಲ ತಂದಿದ್ದ. ಮಳೆಗಾಲಕ್ಕೆಂದು ಅವಳು ಕೂಡಿಟ್ಟಿದ್ದೇ ಅಷ್ಟು.

"ಹೊಲದಲ್ಲಿ ಕಾಯಿ ಕೀಳೋ ಹೊತ್ತಿಗೆ ವಾಪಸ್ಸು ಅಕ್ಕ, ನನ್ನ ಮೀಸೆಯಾಣೆ!" ಅಂದಿದ್ದ.

ಕಾಯಿ ಕೀಳುವ ಕಾಲ ಬಂತು. ಡೊಳ್ಳಯ್ಯನ ಬಿಲ ತುಂಬಿ ತುಳುಕಿತು. ತುಂಗಕ್ಕ ಕೇಳಿದಾಗಲೆಲ್ಲ "ನಾಳೆ ಬಾರಕ್ಕ" ಅನ್ನುತ್ತಿದ್ದ. ಮಳೆಗಾಲ ಬಂತು, ಅವನ ನಾಳೆ ಮಾತ್ರ ಬರಲಿಲ್ಲ.

ಬೇರೆ ದಾರಿ ಕಾಣದೆ ತುಂಗಕ್ಕ ಆಮೆಯಜ್ಜನ ಕೋರ್ಟಿಗೆ ಹೋದಳು. ಅಜ್ಜ ಇಬ್ಬರ ಮಾತನ್ನೂ ಕೇಳಿ ತೀರ್ಪು ಕೊಟ್ಟ.

"ಡೊಳ್ಳಯ್ಯ, ಐದು ಬುಟ್ಟಿ ಕೊಡಲೇಬೇಕು. ಕೊಡದಿದ್ದರೆ ನಾಡಿದ್ದು ಅಮೀನ ಬಂದು ಮನೆಯಲ್ಲಿರೋದನ್ನ ಜಪ್ತಿ ಮಾಡ್ತಾನೆ. ಮಕ್ಕಳು ಮಲಗೋ ಹಾಸಿಗೆಯೊಂದನ್ನು ಮಾತ್ರ ಮುಟ್ಟೋ ಹಾಗಿಲ್ಲ."

ಈ ಕಟ್ಟಳೆ ಸುಮ್ಮನೆ ಬಂದದ್ದಲ್ಲ. ಹಿಂದೊಮ್ಮೆ ಸಾಲ ಕೊಟ್ಟ ಕಾಗೆಯೊಂದು ಗುಬ್ಬಿಯ ಗೂಡಿನ ಹಾಸನ್ನೇ ಕಿತ್ತುಕೊಂಡು ಹೋಗಿ, ಗುಬ್ಬಿಮರಿಗಳು ಚಳಿಗೆ ಸತ್ತಿದ್ದವು. ಅವತ್ತು ಇಡೀ ಕಾಡು ಅತ್ತು ಮಾಡಿದ ಕಟ್ಟಳೆ ಇದು.

ನಮ್ಮ ಡೊಳ್ಳಯ್ಯನಿಗೆ ಅದರಲ್ಲಿ ಕಂಡದ್ದೇನು ಗೊತ್ತೇ? ಉಗ್ರಾಣ! ಮನೆಗೆ ಬಂದವನೇ ಮರಿಗಳ ಹಾಸಿಗೆಯ ಹುಲ್ಲನ್ನೆಲ್ಲ ಕಿತ್ತು ಬಿಸಾಕಿ, ಒಳಗೆ ಕಡಲೆಕಾಯಿ ತುರುಕತೊಡಗಿದ.

"ಬೇಡ ಕಣ್ರೀ, ನಾಚಿಕೆಯಾಗುತ್ತೆ" ಅಂದಳು ಹೆಂಡತಿ.

"ಸುಮ್ನಿರೇ. ಕಾನೂನೇ ಕೊಟ್ಟಿರೋ ಜಾಗ ಇದು!"

ಮೂರನೆಯ ದಿನ ಬೆಳಿಗ್ಗೆ ಅಮೀನ ಓತಿಕ್ಯಾತ ತಲೆಯಾಡಿಸುತ್ತ ಬಂದ. ಜೊತೆಯಲ್ಲಿ ತುಂಗಕ್ಕ. ಬಿಲವೆಲ್ಲ ಹುಡುಕಿದರೂ ಒಂದು ಸಿಪ್ಪೆಯೂ ಸಿಗಲಿಲ್ಲ. ಮೂಲೆಯಲ್ಲಿ ಗುಡ್ಡದಂಥ ಹಾಸಿಗೆ, ಅದರ ಮೇಲೆ ಮೂರು ಮರಿ.

"ಹಾಸಿಗೆ ನಾನು ಮುಟ್ಟಲ್ಲ" ಎಂದ ಓತಿಕ್ಯಾತ.

ತುಂಗಕ್ಕ ಕಣ್ಣೊರೆಸಿಕೊಂಡು ಹೊರಟವಳು ಬಾಗಿಲಲ್ಲೇ ನಿಂತಳು. ಕಿರಿಯ ಮರಿ ಅತ್ತಿಂದಿತ್ತ ಹೊರಳುತ್ತ ನರಳುತ್ತಿತ್ತು.

"ಯಾಕೋ ಕಂದ?"

"ಬೆನ್ನು ನೋಯುತ್ತೆ ಅತ್ತೆ. ಹಾಸಿಗೆ ಒತ್ತುತ್ತೆ."

"ಅಯ್ಯೋ ದೇವರೇ, ಇಷ್ಟೊಂದು ಬಡತನವೇ?" ಎಂದವಳೇ ತುಂಗಕ್ಕ ಮರ ಹತ್ತಿದಳು. ಇಳಿಯುವಾಗ ಅವಳ ಬಾಯಿತುಂಬ ಬೂರುಗದ ಹತ್ತಿ. ಅವಳ ಮಕ್ಕಳು ಮಲಗುತ್ತಿದ್ದ ಹತ್ತಿಯಲ್ಲಿ ಅರ್ಧ ಅದು.

"ತಗೊಳಪ್ಪ, ಇದನ್ನ ಮೇಲೆ ಹಾಸು" ಎಂದಳು ಡೊಳ್ಳಯ್ಯನಿಗೆ. "ನಿನ್ನ ಹತ್ತಿರ ಏನೂ ಇಲ್ಲ ಅಂತ ಗೊತ್ತಿದ್ದರೆ ನಾನು ಕೋರ್ಟಿಗೆ ಹೋಗ್ತಿರಲಿಲ್ಲ. ತಪ್ಪಾಯ್ತು ತಮ್ಮಾ."

ಕಿರಿಯ ಮರಿ ಕೇಳಿತು: "ಅತ್ತೆ, ನಿಮ್ಮನೇಲಿ ಇವತ್ತು ಏನು ತಿಂಡಿ?"

"ಹುಣಸೆ ಚಿಗುರು ಕಂದ. ನಿನ್ನೇನೂ ಅದೇ."

ಡೊಳ್ಳಯ್ಯನಿಗೆ ನಿಂತ ನೆಲ ಬಾಯಿಬಿಡಬಾರದೇ ಅನ್ನಿಸಿತು. ಹೆಂಡತಿಯ ಮುಖ ನೋಡಲಾರ, ಮಕ್ಕಳ ಮುಖ ನೋಡಲಾರ, ತುಂಗಕ್ಕನ ಮುಖವನ್ನಂತೂ ನೋಡಲಾರ. ಮರಿಗಳನ್ನು ಕೆಳಗಿಳಿಸಿ ಹಾಸಿಗೆಯನ್ನು ಬಗೆದ. ಕಡಲೆಕಾಯಿ ದಬದಬನೆ ಸುರಿಯಿತು.



"ತಗೊಂಡು ಹೋಗಿ ಅಮೀನರೇ, ದಮ್ಮಯ್ಯ, ಬೇಗ ತಗೊಂಡು ಹೋಗಿ!" ಎಂದ ಡೊಳ್ಳಯ್ಯ.

"ಹಾಸಿಗೆಯೊಳಗಿದ್ದದ್ದು. ನಾನು ಮುಟ್ಟೋ ಹಾಗಿಲ್ಲ" ಎಂದ ಓತಿಕ್ಯಾತ. "ಕೊಡೋದಾದರೆ ನೀನೇ ಹೊತ್ತುಕೊಂಡು ಹೋಗಿ ಕೋರ್ಟಿನಲ್ಲಿ ಒಪ್ಪಿಸು."

ಹೊತ್ತ. ಹಾಡಹಗಲಲ್ಲಿ, ಕೆರೆ ಏರಿಯ ಉದ್ದಕ್ಕೂ, ಐದು ಬುಟ್ಟಿಗೆ ಐದು ಸಲ. ಮರಿಗಳಿಗೆ ಹೆಸರಿಟ್ಟ ದಿನ ಅವನ ಮನೆಯಲ್ಲಿ ಉಂಡು ಹರಸಿ ಹೋಗಿದ್ದ ಕಪ್ಪೆ, ಮೊಲ, ಮೈನಾ ಎಲ್ಲರೂ ದಾರಿಯಲ್ಲಿ ನಿಂತು ನೋಡಿದರು. ಐದನೆಯ ಬುಟ್ಟಿ ಇಳಿಸಿ ಕೈಮುಗಿದಾಗ ಆಮೆಯಜ್ಜ ಬೈಯಲಿಲ್ಲ. ಅವನನ್ನು ನೋಡದೆ ತಲೆಯನ್ನು ಮೆಲ್ಲಗೆ ಚಿಪ್ಪಿನೊಳಕ್ಕೆ ಎಳೆದುಕೊಂಡ. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಡೊಳ್ಳಯ್ಯ ಮನೆಗೆ ಬಂದು ಹತ್ತಿಯನ್ನೂ ಎತ್ತಿಕೊಂಡು ಪೊಟರೆಯ ಕೆಳಗೆ ನಿಂತ. "ಅಕ್ಕ, ಇದನ್ನೂ ತಗೊಳ್ಳಿ."

ತುಂಗಕ್ಕ ಮೇಲಿನಿಂದ ಬಗ್ಗಿ ನೋಡಿದಳು. "ಅದು ನಿನಗೆ ಕೊಟ್ಟದ್ದಲ್ಲಪ್ಪ, ಮಕ್ಕಳಿಗೆ. ಸಾಲವೂ ಅಲ್ಲ. ಇಟ್ಟುಕೋ."

ಮರಿಗಳು ಆ ಹತ್ತಿಯ ಮೇಲೆ ಸುಖವಾಗಿ ಮಲಗಿದವು. ಡೊಳ್ಳಯ್ಯ ಮಾತ್ರ ಅದನ್ನು ಕಂಡಾಗಲೆಲ್ಲ ಇವತ್ತಿಗೂ ತಲೆ ತಗ್ಗಿಸುತ್ತಾನೆ.

ನೀತಿ: ಇಲ್ಲದವರನ್ನು ಕಾಯಲು ಮಾಡಿದ ಕಟ್ಟಳೆಯ ಮರೆಯಲ್ಲಿ ಇದ್ದವನು ಅಡಗಿದರೆ, ಅವನ ಸೊತ್ತು ಉಳಿದರೂ ಮಾನ ಉಳಿಯುವುದಿಲ್ಲ.