ನವಿಲಿನ ಅಂಚೆಚೀಟಿ ಪುಸ್ತಕ

"ಗುರುಗಳೇ, ಹೋದವರನ್ನು ಉಳಿಸಿಕೊಳ್ಳುವುದು ಹೇಗೆ?" ಎಂದು ಚನ್ನಯ್ಯ ಕೇಳಿದ. "ನನ್ನ ಹೆಂಡತಿ ದಾರಿಹೋಕರಿಗೆ ಮಜ್ಜಿಗೆ ಕೊಡುತ್ತಿದ್ದ ಗಡಿಗೆಯನ್ನು ತೊಳೆದು ದೇವರ ಮುಂದೆ ಬೋರಲು ಹಾಕಿದ್ದೇನೆ. ದಿನಾ ಹೂವು ಏರಿಸುತ್ತೇನೆ. ಯಾರಿಗೂ ಮುಟ್ಟಗೊಡುವುದಿಲ್ಲ. ಆದರೂ ಅವಳು ದೂರವೇ ಆಗುತ್ತಿದ್ದಾಳೆ."

ಗುರುಗಳು ಒಂದು ಕತೆ ಹೇಳಿದರು.

"ಆ ಮುದುಕರಿಗೆ ನಮ್ಮ ಪುಸ್ತಕ ಇನ್ನೂ ಹೋಗಿಲ್ಲ, ಕಳಿಸಿಬಿಡಿ." ಒಬ್ಬ ಬಳೆಗಾರನ ಹೆಂಡತಿ ಗಂಡನಿಗೆ ಆಡಿದ ಕಡೆಯ ಮಾತು ಇದು. ಆಮೇಲೆ ಅವಳು ಕಣ್ಣು ತೆರೆಯಲಿಲ್ಲ.

ಗಂಡಹೆಂಡಿರಿಗೆ ಒಂದೇ ಹುಚ್ಚು. ದೇಶದೇಶದ ಅಂಚೆಚೀಟಿ ಪುಸ್ತಕಗಳನ್ನು ಕೂಡಿಸುವುದು. ಅಂಗೈಯಷ್ಟು ಪುಸ್ತಕ, ರಟ್ಟಿನ ಹೊದಿಕೆ, ಒಳಗೆ ಚೀಟಿಗಳ ಹಾಳೆ. ಒಂದು ಚೀಟಿ ಹರಿದರೂ ಅದು ಸಂಗ್ರಹಕ್ಕೆ ಬಾರದು. ಇವರ ಪುಸ್ತಕ ಬೇರೆ ದೇಶದ ಸಂಗ್ರಹಕಾರರಿಗೆ ಹೋಗಬೇಕು, ಅವರದು ಇಲ್ಲಿಗೆ ಬರಬೇಕು. ಮುಖ ಕಾಣದವರ ಜೊತೆ ನಂಬಿಕೆಯ ಕೊಡುಕೊಳ್ಳುವಿಕೆ. ಬಳೆಗಾರ ಓದಿದವನಲ್ಲ. ವಿಳಾಸ ಬರೆಯುವವಳು ಹೆಂಡತಿ, ಅಂಟು ಹಚ್ಚುವವನು ಅವನು.

ಫಿನ್ಲೆಂಡಿನ ಮುದುಕನೊಬ್ಬ ತನ್ನ ಪುಸ್ತಕವನ್ನು ಮೊದಲೇ ಕಳಿಸಿ, ಬದಲಿಗೆ ನವಿಲಿನ ಪುಸ್ತಕ ಕೇಳಿದ್ದ. ಅದು ಮನೆಯಲ್ಲಿದ್ದದ್ದು ಒಂದೇ. ಮದುವೆಯಾದ ವರ್ಷ ಅವಳು ಕೊಂಡು ತಂದದ್ದು. ಅವರ ಸಂಗ್ರಹ ಹುಟ್ಟಿದ್ದೇ ಅದರಿಂದ. ಕೊಡೋಣ ಎಂದವಳೂ ಅವಳೇ. ಅಷ್ಟರಲ್ಲಿ ಹಾಸಿಗೆ ಹಿಡಿದಳು.

ಅವಳ ತಿಥಿಯ ದಿನಗಳೆಲ್ಲ ಮುಗಿದ ಮೇಲೆ ಬಳೆಗಾರ ಪೆಟ್ಟಿಗೆ ತೆರೆದ. ನವಿಲಿನ ಪುಸ್ತಕವನ್ನು ಕೈಯಲ್ಲಿ ಹಿಡಿದು ಕುಳಿತ. ಅದನ್ನು ಫಿನ್ಲೆಂಡಿಗೆ ಕಳಿಸಲು ಹೊರಟಿದ್ದಾನೆಂದು ಪಕ್ಕದ ಅಂಗಡಿಯವನಿಗೆ ತಿಳಿಯಿತು.

"ನಿನಗೆಲ್ಲೋ ಮರುಳು! ಅವಳ ಕೈಯ ವಸ್ತು ಅದು. ಆ ಮುದುಕ ಏನು ಸಮುದ್ರ ದಾಟಿ ಬಂದು ನಿನ್ನ ಬಾಗಿಲು ಬಡಿಯುತ್ತಾನೆಯೇ?"

"ಬಡಿಯೋದಿಲ್ಲ, ಅಣ್ಣ. ಅದಕ್ಕೇ ಕಳಿಸಬೇಕು."

"ಸರಿ, ಹಾಗಾದರೆ ವಿಳಾಸವನ್ನಾದರೂ ನಾನು ಬರೆದುಕೊಡುತ್ತೇನೆ, ತಾ."

ಬಳೆಗಾರ ಕೊಡಲಿಲ್ಲ. ಹಿಂಬದಿಯಲ್ಲಿ ವಿಳಾಸವಿದ್ದ ಮುದುಕನ ಲಕೋಟೆಯನ್ನು ಮುಂದಿಟ್ಟುಕೊಂಡ. ಅಕ್ಷರ ಗೊತ್ತಿಲ್ಲ. ಗೆರೆ ನೋಡಿ ಗೆರೆ ಎಳೆದ. ಕೆಟ್ಟಿತು. ಇನ್ನೊಂದು ಲಕೋಟೆ ತೆಗೆದ. ಅದೂ ಕೆಟ್ಟಿತು. ಬಿಸಿ ಅರಗಿನ ಬಳೆಯನ್ನು ಬಾಗಿಸುವ ಕೈ, ಒಂದು ಸೊನ್ನೆಯನ್ನು ದುಂಡಗೆ ಮಾಡಲು ಬೆವರಿತು. ಅಂದು ಅಂಗಡಿಯ ಬಾಗಿಲು ತೆರೆಯಲೇ ಇಲ್ಲ. ದೀಪ ಹಚ್ಚುವ ಹೊತ್ತಿಗೆ ವಿಳಾಸ ಸರಿಯಾಗಿ ಮೂಡಿತು. ಪುಸ್ತಕವನ್ನು ಒಳಗಿಟ್ಟು ಅಂಟು ಹಚ್ಚಿದ.

ಮರುದಿನ ಬೆಳಿಗ್ಗೆ ಸ್ನಾನ ಮಾಡಿ ಅಂಚೆಕಚೇರಿಗೆ ನಡೆದ. ಗುಮಾಸ್ತ ಲಕೋಟೆಯನ್ನು ತಿರುಗಿಸಿ ತಿರುಗಿಸಿ ನೋಡಿ, "ಇದು ಅಮ್ಮಾವ್ರ ಅಕ್ಷರ ಅಲ್ಲವಲ್ಲ" ಎಂದ.

"ಅಲ್ಲ. ಇನ್ನು ಮೇಲೆ ಇದೇ" ಎಂದ ಬಳೆಗಾರ. ಮುದ್ರೆ ಬೀಳುವವರೆಗೂ ಅಲ್ಲೇ ನಿಂತಿದ್ದ.

ಗುರುಗಳು ಕತೆ ನಿಲ್ಲಿಸಿದರು.

"ಸಂಗ್ರಹದ ಮೊದಲ ಪುಸ್ತಕವೇ ಹೋಯಿತಲ್ಲ, ಗುರುಗಳೇ. ಅವನಿಗೆ ಉಳಿದದ್ದೇನು?" ಎಂದ ಚನ್ನಯ್ಯ.

ಗುರುಗಳು ಹೊರಗಿನ ಬಿಸಿಲನ್ನು ನೋಡಿ ಕೇಳಿದರು: "ಚನ್ನಯ್ಯ, ಇವತ್ತು ನಿನ್ನ ಬಾಗಿಲಿಗೆ ಬಂದವರು ಏನು ಕುಡಿದರು?"

ಚನ್ನಯ್ಯ ಮನೆಗೆ ಹೋಗಿ, ಬೋರಲು ಹಾಕಿದ್ದ ಗಡಿಗೆಯನ್ನು ಎತ್ತಿ ನೆಟ್ಟಗಿಟ್ಟ.