ಬರ್ತೀನಿ ಅಂದವನು

ಮೂರು ಭಾಷೆಯವರು ಒಂದೇ ಸಂತೆಯಲ್ಲಿ ಚೌಕಾಸಿ ಮಾಡುವ ಗಡಿ ಊರು. ಅಲ್ಲಿ ಕೌದಿ ಹೊಲಿಯುವ ಕಾಶಮ್ಮ, ಅವಳಿಗೊಬ್ಬ ಮಗ ರೇವಪ್ಪ. ಕೈ ಗಟ್ಟಿ, ಮನಸ್ಸು ಚೊಕ್ಕ, ತಲೆ ಮಾತ್ರ ಹೇಳಿದಷ್ಟೇ ಹಿಡಿಯೋದು. ಕಾಶಮ್ಮನಿಗೆ ಸೂಜಿಗೆ ದಾರ ಪೋಣಿಸೋದೇ ಕಷ್ಟವಾಗಿತ್ತು. ಕಣ್ಣು ಪೂರ್ತಿ ಹೋಗುವುದರೊಳಗೆ ಇವನಿಗೊಂದು ಮದುವೆಯಾಗಬೇಕು, ತನ್ನ ಹಿಂದೆ ಇವನನ್ನು ನೋಡುವವರು ಬೇಕು. ಅದೊಂದೇ ಚಿಂತೆ.

ಒಂದು ಬೆಳಿಗ್ಗೆ ರೇವಪ್ಪ ಹೊಸ್ತಿಲು ದಾಟುತ್ತ, "ಅವ್ವಾ, ಹೋಗ್ತೀನಿ" ಅಂದ.

"ಥೂ! ಬಿಡ್ತು ಅನ್ನು! ಬರ್ತೀನಿ ಅನ್ನಬೇಕು!"

"ಹೋಗೋವಾಗ ಬರ್ತೀನಿ ಅನ್ನೋದಾ?"

"ಹೋದವರು ತಿರುಗಿ ಬರಬೇಕಲ್ಲೋ, ಅದಕ್ಕೆ! ಮರಾಠಿಯವರು 'ಯೇತೋ' ಅಂತಾರೆ, ತೆಲುಗರು 'ವಸ್ತಾ' ಅಂತಾರೆ. ಅವೂ ಬರ್ತೀನಿ ಅಂತಲೇ. ಮೊದಲು ಯಾರ ಬಾಯಲ್ಲಿ ಹುಟ್ಟಿತೋ! ಹೊಳೆ, ಕಳ್ಳರು, ಕಾಯಿಲೆ ನೆನೆದು ಹೆದರಿದ ಯಾವ ತಾಯಿ ಹೇಳಿಸಿದಳೋ! ಎಲ್ಲಿಂದ ಎದ್ದರೂ ಬರ್ತೀನಿ ಅನ್ನು!"

"ಎಲ್ಲಿಂದ ಎದ್ದರೂ ಬರ್ತೀನಿ. ಆಯ್ತು!"

ಆ ವಾರವೇ ಪಕ್ಕದ ಓಣಿಯ ಮುದುಕ ತೀರಿಕೊಂಡ. ರೇವಪ್ಪ ಹೋದ, ಕೂತ, ಎದ್ದ, ಕೈಮುಗಿದು ಕೂಗಿದ: "ಬರ್ತೀನ್ರೀ! ಮತ್ತೆ ಬರ್ತೀನಿ!"

"ಮತ್ತೆ ಬರೋಕೆ ಇನ್ಯಾರು ಸಾಯಬೇಕೋ?" ಅಂತ ಸತ್ತವನ ಮಕ್ಕಳು ಚಪ್ಪಲಿ ಹಿಡಿದು ಅಟ್ಟಿಸಿಕೊಂಡು ಬಂದರು.

ಕಾಶಮ್ಮ ಹಣೆ ಚಚ್ಚಿಕೊಂಡಳು. "ಮಂದಿ ತಲೆ ತಗ್ಗಿಸಿ ಕೂತಲ್ಲಿ ಆ ಮಾತು ಆಡಬಾರದೋ! ಸುಮ್ಮನೆ ಎದ್ದು ಬಂದುಬಿಡು!"

"ತಲೆ ತಗ್ಗಿಸಿದ್ದರೆ ಸುಮ್ಮನೆ. ಆಯ್ತು!"

ಮುಂದೆ ಹೆಣ್ಣು ನೋಡುವ ಶಾಸ್ತ್ರ. ಬಟ್ಟೆ ವ್ಯಾಪಾರಿ ಮಲ್ಕಪ್ಪನ ಮಗಳು ಜಗದೇವಿ ನಾಚಿ ತಲೆ ತಗ್ಗಿಸಿದಳು. ಮಲ್ಕಪ್ಪ ಯೋಚನೆಗೆ ಬಿದ್ದು ತಲೆ ತಗ್ಗಿಸಿದ. ರೇವಪ್ಪ ಎದ್ದ, ತುಟಿ ಬಿಚ್ಚದೆ ನಡೆದೇಬಿಟ್ಟ.

"ನಮ್ಮದೇನು ಸಾವಿನ ಮನೆಯೇನ್ರೀ?" ಮಲ್ಕಪ್ಪ ಗುಡುಗಿದ. ಕಾಶಮ್ಮ ಸೆರಗೊಡ್ಡಿ ಬೇಡಿಕೊಂಡ ಮೇಲೆ, "ನಾಳೆ ಒಬ್ಬನೇ ಬಂದು ತಪ್ಪಾಯ್ತು ಅನ್ನಲಿ, ನೋಡೋಣ" ಅಂದ.

ಮನೆಗೆ ಬರುವ ದಾರಿಯುದ್ದಕ್ಕೂ ಕಾಶಮ್ಮನದು ಒಂದೇ ಪಾಠ. "ಬಾಯಿ ತುಂಬ ಬರ್ತೀನಿ ಅನ್ನು! ಆಡಿದ ಮಾತು ನಡೆಸೋ ಹುಡುಗ ಅಂತ ಅವರಿಗೆ ಅನ್ನಿಸಬೇಕು!"

"ಅನ್ನೋದು, ನಡೆಸೋದು. ಆಯ್ತು!"

ಮರುದಿನ ಬೆಳಿಗ್ಗೆ ಹೋದವನು ಮಧ್ಯಾಹ್ನವಾದರೂ ಬರಲಿಲ್ಲ. ಕಾಶಮ್ಮ ಹುಡುಕಿಕೊಂಡು ಹೋದಳು. ನೋಡಿದರೆ ರೇವಪ್ಪ ಮಲ್ಕಪ್ಪನ ಕಟ್ಟೆಯ ಮೇಲೆ ನಿಂತು "ಬರ್ತೀನ್ರೀ" ಅಂತಾನೆ, ಮೆಟ್ಟಿಲಿಳಿಯುತ್ತಾನೆ, ತಿರುಗಿ ಒಳಕ್ಕೆ ಹೋಗುತ್ತಾನೆ. ಮತ್ತೆ "ಬರ್ತೀನ್ರೀ", ಮತ್ತೆ ಒಳಕ್ಕೆ.

"ಹದಿನಾರನೇ ಸಲ!" ಅಂದ ಮಲ್ಕಪ್ಪ.

ಕಾಶಮ್ಮ ತಲೆ ಮೇಲೆ ಕೈಹೊತ್ತಳು. ಈ ಸಂಬಂಧ ಮುರೀತು, ಇನ್ನು ಇವನಿಗೆ ಯಾರು ದಿಕ್ಕು? ಅಲ್ಲೇ ಕುಸಿದು ಕೂತಳು.

"ಏಳಮ್ಮಾ ತಾಯಿ" ಅಂದ ಮಲ್ಕಪ್ಪ. "ಮೂವತ್ತು ವರ್ಷದಿಂದ ಅಂಗಡಿ ಇಟ್ಟೀನಿ. ಇಡೀ ಅಂಗಡಿಯ ಬಟ್ಟೆ ಬಿಚ್ಚಿಸಿ ನೋಡಿ, ಏನೂ ಕೊಳ್ಳದೆ ಯೇತೋ ಅಂದವರೆಷ್ಟು, ವಸ್ತಾ ಅಂದವರೆಷ್ಟು, ಬರ್ತೀನಿ ಅಂದವರೆಷ್ಟು! ತಿರುಗಿ ಬಂದವನು ಇವನೊಬ್ಬನೇ. ಮದುವೆ ದಿನ ಗೊತ್ತು ಮಾಡೋಣ."

ಮದುವೆಯಾಯಿತು. ಗಂಡನ ಮನೆಗೆ ಹೊರಡುವ ಹೊತ್ತಿಗೆ ಜಗದೇವಿ ತನ್ನ ತಾಯಿಯ ಕೊರಳು ತಬ್ಬಿ ಅತ್ತಳು. "ಅವ್ವಾ, ಬರ್ತೀನಿ."

ಮೂವರನ್ನೂ ಹೊತ್ತ ಗಾಡಿ ಓಣಿಯ ತುದಿ ಮುಟ್ಟಿತ್ತು. ರೇವಪ್ಪ ಹಗ್ಗ ಜಗ್ಗಿ ಎತ್ತು ತಿರುಗಿಸಿದ.

"ಎಲ್ಲಿಗೋ, ಮೂಳ!" ಕಾಶಮ್ಮ ಚೀರಿದಳು.

"ಬರ್ತೀನಿ ಅಂದಾಳಲ್ಲವ್ವಾ!"

ಕಣ್ಣೊರೆಸುತ್ತ ನಿಂತಿದ್ದ ಬೀಗಿತಿ ಬರಿಗಾಲಲ್ಲೇ ಗಾಡಿಗೆ ಎದುರಾಗಿ ಓಡಿಬಂದಳು. ಬೈಯಲು ಬಾಯಿ ತೆರೆದ ಕಾಶಮ್ಮ ಆ ಮುಖ ನೋಡಿ ಪಕ್ಕಕ್ಕೆ ಸರಿದು ಸೊಸೆಗೆ ಇಳಿಯಲು ದಾರಿ ಬಿಟ್ಟಳು.

ಜಗದೇವಿ ಮತ್ತೆ ತಬ್ಬಿದಳು, ಮತ್ತೆ ಬರ್ತೀನಿ ಅಂದಳು. ಗಾಡಿ ಮತ್ತೆ ತಿರುಗಿತು. ಮೂರನೆಯ ಸಲ ರೇವಪ್ಪ ಹಗ್ಗ ಜಗ್ಗಲೇ ಇಲ್ಲ. ಓಣಿಯ ತುದಿಯಲ್ಲಿ ಎತ್ತುಗಳು ತಾವೇ ತಿರುಗಿದವು.